ನೆಟ್ಟಗೆ ನಿಲ್ಲಿಸಿದ ಕಾರ್ಡು

"ಇನ್ನೊಂದ್ಸಲ ಬಿಡಿ, ನೋಡೋಣ," ಎಂದರು ಮೇಷ್ಟ್ರು.

ಅವನು ದೊಡ್ಡ ಪರದೆಯ ಮೇಲಿನ ಹಳದಿ ಕಾರ್ಡೊಂದನ್ನು ಬೆರಳಿನಿಂದ ಎಳೆದು ಶುಕ್ರವಾರದ ಸಾಲಿನಲ್ಲಿ ಬೇಕೆಂದೇ ವಾರೆಯಾಗಿ ಬಿಟ್ಟ. ಕಾರ್ಡು ಅರೆಗಳಿಗೆ ಹಾಗೇ ನಿಂತಿತು. ಆಮೇಲೆ ಟಕ್ ಎಂದು ಸಣ್ಣ ಸದ್ದು ಮಾಡಿ, ಅಕ್ಕಪಕ್ಕದವುಗಳ ಸಮಕ್ಕೆ ನೆಟ್ಟಗಾಯಿತು. ಆ ಸದ್ದೊಂದಕ್ಕೇ ಅವನು ಎರಡು ದಿನ ಕಳೆದಿದ್ದ.

"ಭಲೇ ಬೋರ್ಡಣ್ಣ! ನಮ್ಮನೆ ಮಕ್ಕಳು ಹೇಳಿದ ಮಾತು ಇಷ್ಟು ಕೇಳಿದ್ರೆ ಸಾಕಿತ್ತು."

ಆ ಕಚೇರಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಯಾವ ತಂಡ ಯಾವ ಕೆಲಸವನ್ನು ಯಾವ ಬಿಡುಗಡೆಗೆ ಮುಗಿಸಬೇಕು, ಯಾರ ಕೆಲಸ ಯಾರಿಗಾಗಿ ಕಾದಿದೆ ಎಂಬುದೆಲ್ಲ ಆರು ವರ್ಷ ಒಂದು ಉದ್ದ ಗೋಡೆಯ ಮೇಲೆಯೇ ಇತ್ತು. ಬಣ್ಣಬಣ್ಣದ ಕಾಗದದ ಕಾರ್ಡುಗಳು, ಅವುಗಳ ನಡುವೆ ಕೆಂಪು ದಾರ. ಕೈಯಲ್ಲೊಂದು ಅಳತೆಪಟ್ಟಿ ಹಿಡಿದು ಆ ಗೋಡೆಯ ಮುಂದೆ ನಿಂತು ಲೆಕ್ಕ ಕೇಳುತ್ತಿದ್ದುದರಿಂದಲೇ ಮುಖ್ಯಸ್ಥರಿಗೆ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಮಾರುಕಟ್ಟೆಯ ಯಾವ ಆ್ಯಪೂ ಇವರ ಗೋಡೆಗೆ ಒಗ್ಗಲಿಲ್ಲ. ನಮ್ಮದೇ ಒಂದು ಮಾಡಿಸೋಣ ಎಂದು ಎಂಟು ತಿಂಗಳ ಹಿಂದೆ ಅವನನ್ನು ಕರೆಸಿ, ಕೊನೆಯ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿದ್ದರು. ಅಂದಿನಿಂದ ಅವನು ಎಲ್ಲರಿಗೂ ಬೋರ್ಡಣ್ಣ.

ಇವತ್ತು ಹನ್ನೊಂದಕ್ಕೆ ಸಭೆ. ಮುಖ್ಯ ಕಚೇರಿಯಿಂದ ಇಬ್ಬರು ಬರುವವರಿದ್ದರು. ಅವರು ಹೂಂ ಎಂದರೆ ಅವನ ಬೋರ್ಡು ಎಲ್ಲ ಶಾಖೆಗಳಿಗೂ ಹೋಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅವನು ಮಾಡಿದ ಯಾವ ವಸ್ತುವೂ ಒಂದು ವರ್ಷ ಬಾಳಿರಲಿಲ್ಲ. ಒಂದನ್ನು ಮುಗಿಯುವ ಮೊದಲೇ ಕೈಬಿಟ್ಟರು, ಇನ್ನೊಂದನ್ನು ಮುಗಿದ ಮೇಲೆ ಮರೆತರು. ಇದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಬೆಳಿಗ್ಗೆ ಹೊರಡುವಾಗ ಹೆಂಡತಿ ಅವನ ಕಾಲರನ್ನು ಸರಿಮಾಡಿ, "ಇದಾದರೂ ಉಳ್ಕೊಳ್ಳತ್ತೆ ಬಿಡಿ," ಎಂದಿದ್ದಳು.

ವಾರೆಯಾದದ್ದನ್ನು ಅವನ ಕಣ್ಣು ಸಹಿಸುತ್ತಿರಲಿಲ್ಲ. ಬೇರೆಯವರ ಮನೆಗೆ ಹೋದರೂ ಗೋಡೆಯ ಫೋಟೋ ಸರಿಮಾಡಿಯೇ ಕುರ್ಚಿಯಲ್ಲಿ ಕೂರುವವನು. "ನಿಮ್ಮಪ್ಪ ಸ್ವರ್ಗಕ್ಕೆ ಹೋದ್ರೂ ಬಾಗಿಲ ಮೇಲಿನ ಹಲಗೆ ನೆಟ್ಟಗೆ ಮಾಡ್ಕೊಂಡೇ ಒಳಗೆ ಕಾಲಿಡ್ತಾರೆ," ಎಂದು ಅವಳು ಮಗಳ ಮುಂದೆ ನಗುತ್ತಿದ್ದಳು.

ಮೇಷ್ಟ್ರು ಇನ್ನೂ ಪರದೆಯನ್ನೇ ನೋಡುತ್ತಿದ್ದರು. "ಆರು ವರ್ಷದಲ್ಲಿ ಇದೇ ಮೊದಲು. ಶುಕ್ರವಾರದ ರಿಲೀಸ್‌ನಲ್ಲಿ ಒಂದೂ ವಾರೆ ಇಲ್ಲ."

"ವಾರೆ ಅಂದ್ರೆ ಸರ್?"

"ನಿಮಗೆ ಯಾರೂ ಹೇಳ್ಲೇ ಇಲ್ವಾ? ಬಾಯಿ ಬಿಟ್ಟು ಹೇಳೋ ವಿಷಯವೂ ಅಲ್ಲ ಬಿಡಿ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ಹಿಂದೊಮ್ಮೆ ಸಭೇಲಿ ಒಬ್ರು ಎದ್ದು, ಈ ಕೆಲಸದ ಬಗ್ಗೆ ಯಾಕೋ ಅನುಮಾನ ಇದೆ ಅಂದ್ರು. ನಾನು ಸುಮ್ನಿರಬಾರದಾ? ಏನು ಅನುಮಾನ, ಯಾಕೆ ಅನುಮಾನ, ತೋರಿಸಿ ಅಂತ ಮೂವತ್ತು ಜನರ ಮುಂದೆ ಜಾಲಾಡಿದೆ. ಪಾಪ, ತೋರಿಸೋಕೆ ಆಗ್ಲಿಲ್ಲ. ಅವತ್ತಿಂದ ಯಾರೂ ಸಭೇಲಿ ಬಾಯಿ ಬಿಡ್ಲಿಲ್ಲ. ಆದ್ರೆ ಗೋಡೆ ಮೇಲೆ ಒಂದೊಂದು ಕಾರ್ಡು ವಾರೆ ಆಗ್ತಾ ಬಂತು. ಫ್ಯಾನ್ ಗಾಳಿಗಿರಬೇಕು ಅಂದ್ಕೊಂಡೆ. ಗಾಳಿ ಆಗಿರ್ಲಿಲ್ಲ."

"ಆಮೇಲೆ?"

"ಆಮೇಲೇನು. ವಾರೆ ಕಾರ್ಡು ಕಂಡ್ರೆ ಎರಡು ಲೋಟ ಚಹಾ ಹಿಡ್ಕೊಂಡು ಅವರ ಮೇಜಿನ ಹತ್ರ ಹೋಗಿ ಕೂರ್ತೀನಿ. ಈ ಸಲ ಚಹಾ ಉಳೀತು." ಫೋನು ಗುನುಗಿತು. ಬಂದವರು ಕೆಳಗೆ ಕಾಯುತ್ತಿದ್ದರು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಹೊರಟೇಬಿಟ್ಟರು.

ಅವನ ಕೈ ಪರದೆಯ ಮೇಲೆ ಹಾಗೇ ಉಳಿಯಿತು.

ಮೂರು ವಾರದ ಹಿಂದೆ, ಎಲ್ಲವನ್ನೂ ಹೊಸ ಬೋರ್ಡಿಗೆ ಏರಿಸಲೆಂದು ಗೋಡೆಯ ಫೋಟೋ ತೆಗೆಯಲು ನಿಂತಾಗ, ಅವನು ವಾರೆಯಾಗಿದ್ದ ಕಾರ್ಡುಗಳನ್ನೆಲ್ಲ ಕೈಯಾರೆ ಸರಿಮಾಡಿದ್ದ. ಏಳೋ ಎಂಟೋ ಇದ್ದವು. ಮಾರನೆಯ ದಿನ ಬಂದಾಗ ಒಂದು ಕಾರ್ಡು ಮತ್ತೆ ವಾರೆಯಾಗಿತ್ತು. ಪಿನ್ನು ಸಡಿಲವಿರಬೇಕೆಂದು ಅದನ್ನು ನೆಟ್ಟಗೆ ಮಾಡಿ, ಕೆಳಗೆ ಇನ್ನೊಂದು ಪಿನ್ನು ಚುಚ್ಚಿ, ಫೋಟೋ ತೆಗೆದಿದ್ದ. ಆ ವಾರವೇ ಗೋಡೆಗೆ ಸುಣ್ಣ ಹೊಡೆದರು. ಕಾರ್ಡುಗಳು ಈಗ ಅವನ ಮೇಜಿನ ಕೆಳಗೆ, ಚಪ್ಪಲಿ ಡಬ್ಬಿಯೊಂದರಲ್ಲಿ ರಬ್ಬರ್ ಬ್ಯಾಂಡು ಹಾಕಿಸಿಕೊಂಡು ಕೂತಿದ್ದವು.

ಎರಡು ಪಿನ್ನಿನ ತೂತಿದ್ದ ಕಾರ್ಡನ್ನು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದರ ಮೇಲೆ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ಮಕ್ಕಳ ಔಷಧಿ ಪ್ರಮಾಣ, ತೂಕದ ಪ್ರಕಾರ. ಅಕ್ಷರ ಅಕ್ಕನದು.

ಅಕ್ಕ ಎಂದರೆ ಇಡೀ ಕಚೇರಿಗೇ ಅಕ್ಕ. ಬಿಡುಗಡೆಗೆ ಮೊದಲು ಎಲ್ಲವನ್ನೂ ಪರೀಕ್ಷಿಸಿ ನೋಡುವವಳು, ಐವತ್ತರ ಆಸುಪಾಸಿನವಳು. ಮಾತು ಕಮ್ಮಿ. ಅವಳ ಮೇಜು ಹಳೆಯ ಗೋಡೆಗೆ ಎದುರಾಗಿಯೇ ಇತ್ತು. ಅವನು ಕಾರ್ಡು ಹಿಡಿದು ಹೋಗಿ ನಿಂತಾಗ ಅವಳು ಕಾರ್ಡನ್ನು ನೋಡಿದಳು, ಅವನ ಮುಖ ನೋಡಲಿಲ್ಲ.

"ಅಕ್ಕ, ಇದು..."

"ಗೊತ್ತು."

"ಏನಾಗತ್ತೆ ಇದರಲ್ಲಿ?"

ಅವಳು ಕೀಲಿಮಣೆಯನ್ನು ಬದಿಗೆ ಸರಿಸಿದಳು. "ಮಗುವಿನ ತೂಕ ತಪ್ಪು ಹಾಕಿ ಆಮೇಲೆ ತಿದ್ದಿದ್ರೆ, ಔಷಧಿ ಲೆಕ್ಕ ಹೊಸ ತೂಕಕ್ಕೆ ಬರಬೇಕು. ಬರತ್ತೆ. ನಲವತ್ತು ಸಲಕ್ಕೊಂದು ಸಲ ಹಳೇದೇ ನಿಂತಿರತ್ತೆ. ಯಾವಾಗ, ಯಾಕೆ, ಗೊತ್ತಾಗಲ್ಲ. ಬೇರೆಯವರು ಬಂದು ನೋಡಿದ್ರೆ ಚಿನ್ನದಂಥಾ ಮಗುವಿನ ಹಾಗೆ ನಡ್ಕೊಳ್ಳತ್ತೆ."

"ಹೇಳ್ಬೇಕಿತ್ತಲ್ಲ ಅಕ್ಕ?"

"ಹೇಳಿದ್ನಲ್ಲ," ಎಂದಳು ಅವಳು. "ಎರಡು ಸಲ."

ಅವನು ಕಾರ್ಡಿನ ಎರಡು ತೂತುಗಳನ್ನು ನೋಡಿದ. ಆಮೇಲೆ ಹೇಳಿದ: "ಹೊಸ ಬೋರ್ಡಲ್ಲಿ ಅನುಮಾನ ಅಂತ ಒಂದು ಬಟನ್ ಇಟ್ಟಿದ್ದೆ..."

"ನೋಡಿದೆ. ಒತ್ತಿದ್ರೆ ಕಾರಣ ಬರೆಯಿರಿ ಅನ್ನತ್ತೆ. ಕಾರಣ ಗೊತ್ತಿದ್ರೆ ಅದು ಅನುಮಾನ ಯಾಕಾಗತ್ತೆ?" ಅವಳ ದನಿಯಲ್ಲಿ ಕೋಪವಿರಲಿಲ್ಲ. "ನೀವು ಗೋಡೆ ಮುಂದೆ ನಿಂತು ಒಂದೊಂದೇ ಕಾರ್ಡು ನೆಟ್ಟಗೆ ಮಾಡೋದನ್ನ ಇಲ್ಲೇ ಕೂತು ನೋಡಿದ್ವಿ, ಎಲ್ರೂ. ಮೇಲಿನವರ ಅಪ್ಪಣೆ ಆಗಿರಬೇಕು, ಇನ್ಮೇಲೆ ಇದೆಲ್ಲ ಬೇಡ ಅಂತಿರಬೇಕು ಅಂದ್ಕೊಂಡ್ವಿ. ಆದ್ರೂ ನನ್ನದೊಂದನ್ನ ಮತ್ತೆ ವಾರೆ ಮಾಡಿದೆ. ನೀವು ಎರಡನೇ ಪಿನ್ನು ಹಾಕಿದ್ರಿ."

ಮೂರು ವಾರದಿಂದ ಆ ಬಟನ್ನನ್ನು ಯಾರೂ ಒತ್ತಿರಲಿಲ್ಲ. ಅದನ್ನು ಅವನು ತನ್ನ ಬೋರ್ಡಿನ ಹೆಚ್ಚುಗಾರಿಕೆ ಎಂದು ಬಂದವರಿಗೆ ತೋರಿಸಲು ಬರೆದಿಟ್ಟುಕೊಂಡಿದ್ದ.

"ಮೇಷ್ಟ್ರಿಗೆ ಈಗಲೇ ಹೇಳೋಣ."

"ಅತಿಥಿಗಳ ಮುಂದೆ ಏನು ತೋರಿಸ್ಲಿ? ಒಂದ್ಸಲ ಸಭೇಲಿ ಎದ್ದು ತೋರಿಸೋಕೆ ಹೋಗಿದ್ದೆ." ಅವಳು ಮತ್ತೆ ಪರದೆಯತ್ತ ತಿರುಗಿದಳು. ತೂಕ ಹಾಕಿದಳು, ಅಳಿಸಿದಳು, ಮತ್ತೆ ಹಾಕಿದಳು. ಮಗ್ಗುಲಲ್ಲಿದ್ದ ಕಾಗದದ ತುಂಬ ಎಣಿಕೆಗೆ ಹಾಕಿದ ಐದೈದರ ಗೆರೆಗಳಿದ್ದವು. ಬರುವ ಶುಕ್ರವಾರದೊಳಗೆ ಅವಳು ಒಬ್ಬಳೇ ಅದನ್ನು ಹಿಡಿಯಲು ನೋಡುತ್ತಿದ್ದಳು.

ಹನ್ನೊಂದಕ್ಕೆ ಸಭೆಯ ಕೋಣೆ ತುಂಬಿತು. ಬಂದವರಲ್ಲಿ ಒಬ್ಬರು ವಯಸ್ಸಾದವರು, ಒಬ್ಬಳು ಚುರುಕಿನ ಹೆಂಗಸು. ಅವನು ಕಾರ್ಡುಗಳನ್ನು ಎಳೆದು ತೋರಿಸಿದ. ಟಕ್, ಟಕ್ ಎಂದಿತು. "ಚೆನ್ನಾಗಿದೆ," ಎಂದಳು ಹೆಂಗಸು. "ಕಣ್ಣಿಗೆ ಹಿತವಾಗಿದೆ." ಎಂಟು ತಿಂಗಳು ಕಾದಿದ್ದ ಮಾತು ಬಂದಾಗ ಅವನಿಗೆ ಎತ್ತ ನೋಡಬೇಕೆಂದು ತಿಳಿಯಲಿಲ್ಲ.

ಕೊನೆಯಲ್ಲಿ ಮೇಷ್ಟ್ರು ಎಂದಿನಂತೆ ಕೇಳಿದರು: "ಶುಕ್ರವಾರಕ್ಕೆ ಯಾರದ್ದಾದ್ರೂ ಏನಾದ್ರೂ ಇದೆಯಾ?"

ಮೂವತ್ತು ಜನ. ಯಾರೋ ಕೆಮ್ಮಿದರು. ಅಕ್ಕ ಗೋಡೆಯ ಕಡೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. ಆ ಮೌನವನ್ನು ಅವನು ಬಲ್ಲ. ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದವನು. ಇನ್ನು ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಸಾಕು, ಎಲ್ಲರೂ ಏಳುತ್ತಿದ್ದರು.

ಅವನು ಜೇಬಿನಿಂದ ಕಾಗದದ ಕಾರ್ಡನ್ನು ತೆಗೆದ. ಮೇಜಿನ ಮೇಲಿದ್ದ ಟೇಪಿನಿಂದ ಒಂದು ತುಂಡು ಹರಿದ. ದೊಡ್ಡ ಪರದೆಯ ಮೇಲೆ, ಶುಕ್ರವಾರದ ಸಾಲಿನಲ್ಲಿ ಕೆಲಸ ಮುಗಿದಿದೆ ಎನ್ನುವ ಹಸಿರು ಚೌಕವೊಂದರ ಮೇಲೆಯೇ ಅದನ್ನಿಟ್ಟು, ಬೇಕೆಂದೇ ವಾರೆಯಾಗಿ ಅಂಟಿಸಿದ.

"ಅದೇನದು?" ಎಂದಳು ಹೆಂಗಸು.

"ಬೋರ್ಡಿನಲ್ಲಿ ಒಂದು ತಪ್ಪಿದೆ," ಎಂದ ಅವನು. "ನನ್ನದು. ಇವರೆಲ್ಲ ಹೇಳ್ತಾ ಇದ್ದದ್ದನ್ನ ನಾನು ಅಳಿಸಿಬಿಟ್ಟಿದೀನಿ."

"ಅಂದ್ರೆ ಇದು ಇನ್ನೂ ಆಗಿಲ್ಲ ಅಂತಲಾ?" ಎಂದರು ವಯಸ್ಸಾದವರು.

"ಆಗಿಲ್ಲ ಸರ್."

ಮೇಷ್ಟ್ರು ಕಾರ್ಡಿನ ಹತ್ತಿರ ಬಂದು ಬಗ್ಗಿ ಓದಿದರು. ಎರಡು ತೂತುಗಳನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ತಿರುಗಿ ಅಕ್ಕನತ್ತ ನೋಡಿದರು, ಏನೂ ಕೇಳಲಿಲ್ಲ. ಅಕ್ಕ ತಲೆ ತಗ್ಗಿಸಲಿಲ್ಲ.

"ಶುಕ್ರವಾರ ಬೇಡ," ಎಂದರು ಮೇಷ್ಟ್ರು.

ಕುರ್ಚಿಗಳು ಸರಿದವು. ಬಂದವರಿಬ್ಬರೂ ಕಾಗದ ಜೋಡಿಸಿಕೊಂಡು, ಆಮೇಲೆ ತಿಳಿಸುತ್ತೇವೆ ಎಂದರು. ಆ ಮಾತಿನ ಅರ್ಥ ಅವನಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಬಾಗಿಲ ಹತ್ತಿರ ಯಾರೋ ಅವನ ತೋಳು ಮುಟ್ಟಿದರು. ಲೆಕ್ಕದ ತಂಡದ ಗಡ್ಡದವನು.

"ಬೋರ್ಡಣ್ಣ, ಉಳಿದ ಕಾರ್ಡೆಲ್ಲ ಎಲ್ಲಿವೆ? ಎಸೆದುಬಿಟ್ರಾ?"

"ಇವೆ. ನನ್ನ ಮೇಜಿನ ಕೆಳಗೆ."

"ನಮ್ಮದೂ ಒಂದಿತ್ತು," ಎಂದು ಗಡ್ಡದವನು ಮೆಲ್ಲಗೆ ಹೇಳಿ, ಕೊನೆಯ ಕೋಣೆಯ ಕಡೆ ನಡೆದ.

ಸಭೆಯ ಕೋಣೆ ಖಾಲಿಯಾದ ಮೇಲೆ ಅವನು ಒಳಗೆ ಮರಳಿ ಒಬ್ಬನೇ ಕೂತ. ಗಾಜಿನ ಗೋಡೆಯಾಚೆ ಮೇಷ್ಟ್ರು ಎರಡು ಲೋಟ ಚಹಾ ಹಿಡಿದು, ಚೆಲ್ಲದ ಹಾಗೆ ನಿಧಾನ ಹೆಜ್ಜೆ ಇಡುತ್ತ ಅಕ್ಕನ ಮೇಜಿನತ್ತ ಹೋಗುವುದು ಕಾಣಿಸಿತು. ಕುರ್ಚಿ ಎಳೆದುಕೊಂಡು ಕೂತರು. ಮಾತು ಇತ್ತ ಕೇಳಿಸುತ್ತಿರಲಿಲ್ಲ. ಅಕ್ಕ ಏನನ್ನೋ ತೋರಿಸುತ್ತಿದ್ದಳು, ಅವರು ತಲೆಯಾಡಿಸುತ್ತ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದರು. ಚಹಾ ಕೆನೆಗಟ್ಟುತ್ತಿತ್ತು.

ದೊಡ್ಡ ಪರದೆಯನ್ನು ಯಾರೂ ಮುಟ್ಟದೆ ಹತ್ತು ನಿಮಿಷವಾಗಿತ್ತು. ಅದು ತಾನಾಗಿಯೇ ಆರಿತು. ಸಾಲುಗಳು, ಹಸಿರು ಚೌಕಗಳು ಎಲ್ಲ ಹೋದವು. ಕಪ್ಪು ಗಾಜಿನ ಮೇಲೆ ಆ ಒಂದು ಕಾರ್ಡು ಮಾತ್ರ ಉಳಿಯಿತು. ಟೇಪಿನ ಒಂದು ಮೂಲೆ ಎದ್ದಿತ್ತು. ಅವನು ಎದ್ದು ಹೋಗಿ ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ, ಕಾರ್ಡು ಕದಲದ ಹಾಗೆ.