ಗಾಜಿನ ಪೆಟ್ಟಿಗೆಯ ಕೋಲು

ಅಪ್ಪನ ಬ್ಲಾಗನ್ನು ನಾನು ನಡೆಸುತ್ತೇನೆ ಎಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ನಡೆಸುವವನು ಅವನು, ದುಡಿಯುವವಳು ನಾನು. ಅವನು ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಹೇಳುತ್ತಾನೆ, ನಾನು ಟೈಪ್ ಮಾಡುತ್ತೇನೆ. ಓದುಗರು ಬೈಯುತ್ತಾರೆ, ಆ ಬೈಗುಳಕ್ಕೆ ಅವನು ಕೊಡುವ ಉತ್ತರವನ್ನೂ ನಾನೇ ಟೈಪ್ ಮಾಡಬೇಕು. ಬ್ಲಾಗಿನ ವಿಷಯ ಒಂದೇ, ‘ಕೆಟ್ಟ ಲಿಫ್ಟು’. ಅಪ್ಪನ ಹರೆಯದಲ್ಲಿ ಇದೇ ಊರಿನಲ್ಲಿ ಹುಟ್ಟಿ, ಎರಡು ರೆಕಾರ್ಡು ಹೊರಡಿಸಿ ಮುಗಿದುಹೋದ ಪಂಕ್ ಬ್ಯಾಂಡು ಅದು. ಇದ್ದವರು ಮೂವರೇ: ಹಾಡುವವನು ಮುಳ್ಳು, ಗಿಟಾರಿನವನು ಗೂಬೆ, ಡ್ರಮ್ಮಿನವನು ಗುಡುಗು. ಅವರು ನುಡಿಸಿದ್ದು ಸಂಗೀತ ಎಂದು ಅಮ್ಮ ಇವತ್ತಿಗೂ ಒಪ್ಪಿಲ್ಲ. ಪಾತ್ರೆ ತುಂಬಿದ ಕಪಾಟು ಮೆಟ್ಟಿಲ ಮೇಲಿಂದ ಉರುಳಿದ ಹಾಗಿರುತ್ತದೆ ಎನ್ನುತ್ತಾಳೆ. ನಾನು ಬೆಳೆದದ್ದೇ ಆ ಸದ್ದಿನಲ್ಲಿ, ಹಾಗಾಗಿ ನನಗೆ ಅದು ಮನೆಯ ಫ್ಯಾನಿನ ಸದ್ದಿದ್ದ ಹಾಗೆ.

ಅಪ್ಪ ಮುದ್ರಣಾಲಯದಲ್ಲಿ ಮೆಷಿನ್ ಓಡಿಸುತ್ತಿದ್ದ. ಹಗಲೆಲ್ಲ ಮೆಷಿನ್ನು, ಸಂಜೆ ಕೆಟ್ಟ ಲಿಫ್ಟು, ಎರಡೂ ಸೇರಿ ಅವನ ಕಿವಿಗಳನ್ನು ಮುಗಿಸಿದವು. ಈಗ ಪಕ್ಕದಲ್ಲಿ ನಿಂತು ಕಿರುಚಿದರೂ ಅರ್ಧವೇ ಕೇಳುತ್ತದೆ. ಇದರಲ್ಲಿ ನನ್ನ ಹೊಟ್ಟೆ ಉರಿಸುವ ಸಂಗತಿ ಏನೆಂದರೆ, ಕಿವಿ ಪರೀಕ್ಷೆ ಮಾಡಿ, ಕೇಳಿಸದವರಿಗೆ ಕಿವಿಯ ಮಷಿನ್ನು ಹಾಕುವುದೇ ನನ್ನ ಕೆಲಸ. ಊರಿಗೆಲ್ಲ ಹಾಕಿದ್ದೇನೆ, ಮನೆಯಲ್ಲಿ ಮಾತ್ರ ಗೋಡೆಗೆ ಹೇಳಿದ ಹಾಗೆ. ಮಷಿನ್ನು ಹಾಕಿಕೊಂಡರೆ ರೆಕಾರ್ಡಿನ ಸದ್ದು ಕೆಡುತ್ತದಂತೆ. ಕೇಳಿದಾಗೆಲ್ಲ ಒಂದೇ ಮಾತು: “ನನಗೆ ಬೇಕಾದ್ದು ನನಗೆ ಕೇಳಿಸುತ್ತೆ.” ಒಮ್ಮೆ ಹೇಗೋ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಪೀಂ ಎಂದು ಕೇಳಿಸಿದಾಗ ಗುಂಡಿ ಒತ್ತಬೇಕು ಎಂದು ಹೇಳಿಕೊಟ್ಟು ಹೊರಗೆ ಬಂದೆ. ಒಳಗೆ ಒತ್ತಿದರೆ ಹೊರಗೆ ನನ್ನ ಮುಂದೆ ಒಂದು ದೀಪ ಹತ್ತುತ್ತದೆ. ಮಹಾರಾಯ ಗಾಜಿನಾಚೆಯಿಂದ ನನ್ನ ಕೈಯನ್ನೇ ನೋಡುತ್ತ, ನಾನು ಗುಂಡಿ ತಿರುಗಿಸಿದಾಗೆಲ್ಲ ತಾನೂ ಒತ್ತಿದ. ಪರೀಕ್ಷೆಯ ಪ್ರಕಾರ ಅವನದು ಕಾಲೇಜು ಹುಡುಗನ ಕಿವಿ. ಮನೆಗೆ ಬಂದು ಅಮ್ಮನ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಇನ್ನು ಆ ಕೋಲಿನ ವಿಷಯ. ನಮ್ಮ ಮನೆಯ ನಡುಕೋಣೆಯಲ್ಲಿ ಫೋಟೋ ಇರಬೇಕಾದ ಜಾಗದಲ್ಲಿ ಒಂದು ಗಾಜಿನ ಪೆಟ್ಟಿಗೆಯಿದೆ, ಅದರೊಳಗೆ ಒಂದು ಡ್ರಮ್ ಕೋಲು. ಬ್ಲಾಗಿನ ನೆತ್ತಿಯ ಮೇಲಿರುವ ಚಿತ್ರವೂ ಅದೇ. ಕೆಟ್ಟ ಲಿಫ್ಟು ಕೊನೆಯ ಸಲ ನುಡಿಸಿದ್ದು ಒಂದು ಪೀಠೋಪಕರಣದ ಅಂಗಡಿಯ ನೆಲಮಾಳಿಗೆಯಲ್ಲಿ. ಅಪ್ಪ ಹೇಳುವ ಪ್ರಕಾರ, ಹಾಡಿನ ನಡುವೆ ಗುಡುಗು ಎದ್ದು ನಿಂತು, ಅಷ್ಟು ಜನರಲ್ಲಿ ಇವನನ್ನೇ ಆರಿಸಿ ಕೋಲು ಎಸೆದನಂತೆ. ಕೈ ಚಾಚಿ ಇವನ ಕಡೆಗೇ ಏನೋ ಕೂಗಿದನಂತೆ. ಬೇರೆ ಯಾರಾದರೂ ಕಿತ್ತುಕೊಂಡಾರು ಎಂದು ಇವನು ಅದನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಒಂದೇ ಉಸಿರಿಗೆ ಮನೆಗೆ ಓಡಿಬಂದ. ಇವನು ಹೋದ ಮೇಲೆ ಅಲ್ಲಿ ಹಾಡು ಅರ್ಧಕ್ಕೆ ನಿಂತು ವೇದಿಕೆಯ ಮೇಲೆ ಹೊಡೆದಾಟವಾಯಿತು, ಬ್ಯಾಂಡು ಅಲ್ಲಿಗೇ ಮುಗಿಯಿತು.

ಹೊಡೆದಾಟ ಯಾಕಾಯಿತು? ಬ್ಲಾಗು ಬದುಕಿರುವುದೇ ಈ ಪ್ರಶ್ನೆಯ ಮೇಲೆ. ಹೆಣ್ಣಿನ ವಿಷಯ ಎನ್ನುವವರಿದ್ದಾರೆ, ಪೊಲೀಸರ ಕೈವಾಡ ಎನ್ನುವವರಿದ್ದಾರೆ. ‘ಹಳೇ ಬೂಟು’ ಎಂಬ ಹೆಸರಿನಲ್ಲಿ ಬರೆಯುವ ಒಬ್ಬ ಪುಣ್ಯಾತ್ಮನಂತೂ ವಾರಕ್ಕೊಂದು ಹೊಸ ಕಾರಣ ಕಂಡುಹಿಡಿಯುತ್ತಾನೆ. ಅವೆಲ್ಲವನ್ನೂ ನಾನು ಒಂದಕ್ಷರ ಬಿಡದೆ ಹಾಕಬೇಕು. ಮುದ್ರಣಾಲಯದಿಂದ ಅಪ್ಪ ತಂದ ನಿಯಮ ಅದು: ಬಂದದ್ದು ಬಂದ ಹಾಗೆ. ಯಾರು ಏನು ಹೇಳಿದರೂ ತಿದ್ದುವಂತಿಲ್ಲ, ಮೊಟಕು ಮಾಡುವಂತಿಲ್ಲ. ಹಳೇ ಬೂಟು ಅಪ್ಪನನ್ನು ಕಿವುಡ ಮುದಿಯ ಎಂದು ಬರೆದದ್ದನ್ನೂ ಹಾಗೇ ಹಾಕಿಸಿದ. ಹಳೆಯ ಗೆಳೆಯರನ್ನು ಸಂದರ್ಶನ ಮಾಡುವಾಗಲೂ ಇದೇ ಪದ್ಧತಿ. ಅವರು ಹೇಳಿದ್ದನ್ನು ನಾನು ದಪ್ಪ ಅಕ್ಷರದಲ್ಲಿ ಟೈಪ್ ಮಾಡುತ್ತೇನೆ, ಅಪ್ಪ ಪರದೆಯಲ್ಲಿ ಓದಿಕೊಂಡು ಮುಂದಿನ ಪ್ರಶ್ನೆ ಕೇಳುತ್ತಾನೆ. ನನ್ನ ಭಾನುವಾರಗಳು ಹೋದದ್ದು ಹೀಗೆ.

ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ವಯಸ್ಸಾದ ಗಂಡಸರೊಬ್ಬರು ಬಂದರು. ಬಸ್ ಓಡಿಸಿ ನಿವೃತ್ತರಾದವರು. ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಶುರು ಮಾಡಿದರೆ, ಆಸಾಮಿ ಸದ್ದಿರಲಿ ಬಿಡಲಿ ಗುಂಡಿ ಒತ್ತುತ್ತಲೇ ಇದ್ದಾರೆ. ಒಳಗೆ ಹೋಗಿ ಮತ್ತೆ ಹೇಳಿಕೊಟ್ಟೆ, ತಲೆಯಾಡಿಸಿದರು. ಹೊರಗೆ ಬಂದೆ, ಮತ್ತೆ ಅದೇ. ಇನ್ನೊಂದು ಸಲ ಹೋಗಿ ಬೈಯುವುದೊಂದೇ ಬಾಕಿ ಎಂದುಕೊಂಡಾಗ, ಮಿನುಗುತ್ತಿದ್ದ ದೀಪದ ಲಯ ನನಗೆ ಗೊತ್ತಿರುವುದು ಅನ್ನಿಸಿತು. ಎರಡು ಗಿಡ್ಡ, ಒಂದು ಉದ್ದ, ನಡುವೆ ಕುಂಟಿದಂತೆ ಒಂದು ತಡೆ. ತೊಟ್ಟಿಲಿನಿಂದ ಕೇಳಿದ್ದೇನೆ ಅದನ್ನು, ಎರಡನೆಯ ರೆಕಾರ್ಡಿನ ಮೊದಲ ಹಾಡು.

ಬಾಗಿಲು ತೆಗೆದು ಕೇಳಿದೆ. ಬೇಸರವಾದರೆ ಬೆರಳು ಸುಮ್ಮನಿರುವುದಿಲ್ಲ, ತಪ್ಪು ತಿಳಿಯಬೇಡಿ ಎಂದರು. ನೀವು ಗುಡುಗು ಅಲ್ಲವೇ ಎಂದಾಗ ಮುಖ ಕೆಂಪಾಯಿತು. ಆ ಹೆಸರನ್ನು ಯಾರ ಬಾಯಲ್ಲಾದರೂ ಕೇಳಿ ಯುಗವಾಯಿತು ಎಂದರು. ಅವರಿಗೆ ಬ್ಲಾಗು ಎಂದರೇನೆಂದೇ ಗೊತ್ತಿರಲಿಲ್ಲ. ಒಳ್ಳೆಯದೇ ಆಯಿತು, ಯಾಕೆಂದರೆ ಬ್ಲಾಗಿನಲ್ಲಿ ಅವರು ಎಂದೋ ತೀರಿಕೊಂಡಿದ್ದರು. ಅದೂ ಹಳೇ ಬೂಟು ಕೊಟ್ಟ ಸುದ್ದಿ, ನಾವು ಬಂದದ್ದು ಬಂದ ಹಾಗೆ ಹಾಕಿದ್ದೆವು.

ಮನೆಗೆ ಬಂದು ಹೇಳಿದರೆ ಅಪ್ಪ ನಂಬಲಿಲ್ಲ. ಯಾರೋ ಬಸ್ಸಿನವನು ಟೋಪಿ ಹಾಕುತ್ತಿದ್ದಾನೆ ಎಂದ. ನಾನು ಆ ಲಯವನ್ನು ಅವನ ಅಂಗೈ ಮೇಲೆ ಬಡಿದು ತೋರಿಸಿದೆ. ಆ ತಡೆ ಬಂದ ಕಡೆ ಅವನ ಕಣ್ಣು ತುಂಬಿಬಂತು. ಅವರನ್ನು ಸಂದರ್ಶನಕ್ಕೆ ಮನೆಗೆ ಕರೆ ಎಂದ. ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಅಂಗಿಗೆ ಮೂರು ಸಲ ಇಸ್ತ್ರಿ ಮಾಡಿಸಿದ. ಪ್ರಶ್ನೆಗಳನ್ನು ನನ್ನ ಕೈಯಲ್ಲಿ ಬರೆಸಿ ಹೊಡೆದುಹಾಕಿಸಿದ. ಕೋಲಿನ ವಿಷಯ ಬಾಯಿಬಿಟ್ಟರೆ ಹುಷಾರ್ ಎಂದು ನನಗೂ ಅಮ್ಮನಿಗೂ ತಾಕೀತು ಮಾಡಿದ. ಕೊನೆಯಲ್ಲಿ ತಾನೇ ತಂದು ಅವರ ಕೈಗಿಟ್ಟು ಚಕಿತಗೊಳಿಸಬೇಕಂತೆ. ಪೆಟ್ಟಿಗೆ ಮಲಗುವ ಕೋಣೆಗೆ ಹೋಗಿ ಟವೆಲ್ ಹೊದ್ದುಕೊಂಡಿತು.

ಗುಡುಗು ಬಂದರು. ನಾನೇ ಹಾಕಿದ ಹೊಸ ಮಷಿನ್ನು ಎರಡೂ ಕಿವಿಯಲ್ಲಿತ್ತು. ಅಪ್ಪ ಹೊಸ ಮದುಮಗನ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಮೊದಲ ಅರ್ಧ ಚೆನ್ನಾಗಿಯೇ ನಡೆಯಿತು. ಮುಳ್ಳು ತೀರಿಕೊಂಡಿದ್ದಾನೆ, ಗೂಬೆ ಎಲ್ಲಿದ್ದಾನೋ ಗೊತ್ತಿಲ್ಲ ಎಂದರು. ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು ಆ ಪ್ರಶ್ನೆ ಕೇಳಿದ: ಅವತ್ತು ಹೊಡೆದಾಟ ಯಾಕಾಯಿತು?

ಗುಡುಗು ಟೈಪ್ ಮಾಡುತ್ತಿದ್ದ ನನ್ನ ಕಡೆ ತಿರುಗಿದರು. ನನಗೇ ಹೇಳಿದರು.

“ನನ್ನ ಹತ್ರ ಇದ್ದದ್ದೇ ಒಂದು ಜೊತೆ ಕೋಲು ಕಣಮ್ಮ. ಕೈ ಬೆವತಿತ್ತು, ಒಂದು ಜಾರಿ ಜನರೊಳಗೆ ಹೋಯ್ತು. ಯಾವನೋ ಹಿಡ್ಕೊಂಡ. ವಾಪಸ್ ಕೊಡೋ ಅಂತ ಕೈ ಚಾಚಿ ಕೂಗ್ದೆ. ನನ್ನ ಮುಖ ನೋಡಿ ಹಲ್ಲು ಕಿರಿದು, ಅಂಗಿಯೊಳಗೆ ಹಾಕ್ಕೊಂಡು ಓಡೇ ಹೋದ. ಹಾಡು ನಿಂತೋಯ್ತು. ಕೋಲು ಹಿಡಿಯೋಕೆ ಬರದವನು ಡ್ರಮ್ ಬಾರಿಸ್ತಾನಂತೆ ಅಂತ ಮುಳ್ಳು ಮೈಕಲ್ಲೇ ಅಂದ, ಎಲ್ಲಾ ನಕ್ರು. ಉಳಿದ ಕೋಲಲ್ಲಿ ಅವನಿಗೆ ಬಾರಿಸ್ದೆ. ಅಷ್ಟೇ. ಆಮೇಲೆ ಅವನ ಹತ್ರ ಮಾತಾಡಲೇ ಇಲ್ಲ. ಅವನು ಸತ್ತಾಗ್ಲೂ ಹೋಗ್ಲಿಲ್ಲ.”

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ಅಪ್ಪ ಪರದೆಯನ್ನೇ ನೋಡುತ್ತಿದ್ದ. ಅವನ ಜೀವನದಲ್ಲಿ ಯಾರೂ ಅವನನ್ನು ಯಾವುದಕ್ಕೂ ಆರಿಸಿದವರಿಲ್ಲ. ಮುದ್ರಣಾಲಯದಲ್ಲಿ ಅವನ ನಂತರ ಬಂದವರು ಮೇಸ್ತ್ರಿಗಳಾದರು. ಅವನಿಗೆ ಇದ್ದದ್ದು ಒಂದೇ ಒಂದು ಸಂಜೆ, ಅಷ್ಟು ಜನರ ನಡುವೆ ಒಬ್ಬರು ಎದ್ದು ನಿಂತು ಅವನ ಕಡೆ ಕೈ ಚಾಚಿದ ಸಂಜೆ. ಅದನ್ನು ನನ್ನ ಕೈಯಿಂದಲೇ ಅಳಿಸಬೇಕೇ? ನನಗೆ ಇಬ್ಬರ ಮೇಲೂ ಕೋಪ ಬಂತು. ಇವನು ಯಾಕೆ ಕೇಳಬೇಕಿತ್ತು, ಅವರು ಯಾಕೆ ಇಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕಿತ್ತು?

“ಯಾಕೆ ನಿಲ್ಲಿಸ್ದೆ? ಬಂದದ್ದು ಬಂದ ಹಾಗೆ,” ಎಂದ ಅಪ್ಪ.

ನಾನು ಟೈಪ್ ಮಾಡಿದೆ: ‘ಒಂದು ಕೋಲು ಕಳೆದುಹೋಯಿತು. ಅದಕ್ಕೇ ಜಗಳ.’ ಅಷ್ಟೇ ಮಾಡಿದೆ. ಮಾತು ಬೇರೆ ಕಡೆ ತಿರುಗುತ್ತದೆ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅಪ್ಪ ಓದಿದ. ಮುಖ ಅರಳಿತು. ಕಳೆದುಹೋಗಿಲ್ಲ, ಕಳೆದುಹೋಗಿಲ್ಲ ಎನ್ನುತ್ತ ಮಲಗುವ ಕೋಣೆಗೆ ಹೆಚ್ಚುಕಡಿಮೆ ಓಡಿದ. ನಾನು ಹಿಡಿಯುವಷ್ಟರಲ್ಲಿ ಪೆಟ್ಟಿಗೆ ಹೊತ್ತುಕೊಂಡು ಬಂದು, ಟವೆಲ್ ಎಳೆದು, ಅವರ ಮುಂದಿನ ಮೇಜಿನ ಮೇಲಿಟ್ಟ. ನೀವು ನನಗೇ ಎಸೆದದ್ದು, ಎದ್ದು ನಿಂತು ನನ್ನ ಕಡೆಗೇ ಕೂಗಿದಿರಿ, ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೇನೆ ಎಂದು ಒಂದೇ ಸಮನೆ ಹೇಳಿದ. ಕಿವಿ ಕೇಳದವರ ಗಟ್ಟಿ ದನಿ ಮನೆಯೆಲ್ಲ ತುಂಬಿತು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಗುಡುಗು ಗಾಜಿನೊಳಗಿನ ಕೋಲನ್ನು ನೋಡಿದರು, ಅಪ್ಪನನ್ನು ನೋಡಿದರು. ನನ್ನ ಕಡೆ ತಿರುಗಿ, “ನಾನು ಹೇಳಿದ್ದನ್ನ ನೀನು ಬರೀಲಿಲ್ಲ ಅಲ್ವಾ?” ಎಂದರು.

ಈಗ ಅಪ್ಪನೂ ನನ್ನನ್ನೇ ನೋಡುತ್ತಿದ್ದ. ನಾನು ಕೂತು ಪೂರ್ತಿ ಟೈಪ್ ಮಾಡಿದೆ. ಜಾರಿದ್ದು, ಕೂಗಿದ್ದು, ಹಲ್ಲು ಕಿರಿದದ್ದು, ಮುಳ್ಳು ಅಂದದ್ದು, ಸತ್ತಾಗಲೂ ಹೋಗದಿದ್ದದ್ದು, ಒಂದನ್ನೂ ಬಿಡಲಿಲ್ಲ. ಅಪ್ಪ ಬೆರಳಿಟ್ಟು ಓದಿದ, ಮುದ್ರಣಾಲಯದಲ್ಲಿ ಕರಡು ಓದುತ್ತಿದ್ದವರ ಹಾಗೆ. ಕೊನೆಗೆ ಬಂದವನು ಮತ್ತೆ ಮೇಲಿಂದ ಓದಿದ.

“ನನಗೆ ಕೇಳಿಸ್ಲಿಲ್ಲ,” ಎಂದ. “ಕೇಳಿಸಿದ್ರೆ ಕೊಟ್ಬಿಡ್ತಿದ್ದೆ.”

ನನಗೆ ತಡೆಯಲಾಗಲಿಲ್ಲ. ವರ್ಷಗಳ ಸಿಟ್ಟು ಒಟ್ಟಿಗೆ ಬಂತು. ‘ಅವತ್ತು ನಿನ್ನ ಕಿವಿ ಚೆನ್ನಾಗೇ ಇತ್ತಲ್ಲಪ್ಪ’ ಎಂದು ಟೈಪ್ ಮಾಡಿಬಿಟ್ಟೆ. ಮಾಡಿದ ಮೇಲೆ ಕೈ ಕಚ್ಚಿಕೊಳ್ಳಬೇಕೆನಿಸಿತು.

ಅಪ್ಪ ಅದನ್ನೂ ಓದಿದ. “ಹೂಂ,” ಎಂದ. “ಇತ್ತು. ಬೇಕಾದ್ದು ಕೇಳಿಸ್ಕೊಂಡೆ.”

ಪೆಟ್ಟಿಗೆಗೆ ಅವನೇ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಿದ್ದ. ಸ್ಕ್ರೂಡ್ರೈವರ್ ಇಟ್ಟ ಜಾಗ ಯಾರಿಗೂ ನೆನಪಿಲ್ಲ. ಅಮ್ಮ ಡ್ರಾಯರುಗಳನ್ನೆಲ್ಲ ಜಾಲಾಡಿದಳು, ಕಡೆಗೆ ಅಡುಗೆಮನೆಯ ಮೊಂಡು ಚಾಕು ಹಿಡಿದುಕೊಂಡು ಬಂದಳು. ಅದರ ತುದಿಯಿಂದ ಅಪ್ಪ ಒಂದೊಂದೇ ಸ್ಕ್ರೂ ತಿರುಗಿಸಿ ತೆಗೆದ. ಅದಕ್ಕಿಂತ ಕಷ್ಟದ ಹೊತ್ತನ್ನು ನಾನು ಕಂಡಿಲ್ಲ. ಅಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟ. ಗುಡುಗು ತೂಕ ನೋಡಿದರು, ತುದಿಯ ಗಾಯವನ್ನು ಬೆರಳಲ್ಲಿ ಸವರಿದರು. ಬೈಯುತ್ತಾರೆ ಎಂದು ಕಾದೆ. ಮುಳ್ಳಿಗೆ ಇದನ್ನು ತೋರಿಸಬೇಕಿತ್ತು ಎಂದಷ್ಟೇ ಹೇಳಿ, ಚಹಾ ಮುಟ್ಟದೆ ಎದ್ದು ಹೊರಟರು. ಅಪ್ಪ ಮೆಟ್ಟಿಲ ತನಕ ಹಿಂದೆ ಹೋದ. ಅಲ್ಲಿ ಅವರಿಬ್ಬರೂ ಏನಾದರೂ ಮಾತಾಡಿದರೋ ನನಗೆ ಗೊತ್ತಿಲ್ಲ, ಪರದೆ ನನ್ನ ಹತ್ತಿರವೇ ಇತ್ತು.

ಮಾರನೆಯ ದಿನ ಅಪ್ಪ ಬ್ಲಾಗಿಗೆ ಬರೆಸಿದ: ‘ಕೋಲನ್ನು ಅವರು ಎಸೆಯಲಿಲ್ಲ, ಅದು ಜಾರಿತು. ವಾಪಸ್ ಕೇಳಿದರು. ನಾನು ಕೊಡದೆ ಓಡಿಬಂದೆ. ಬ್ಯಾಂಡು ಮುರಿದದ್ದು ಅದಕ್ಕೆ.’ ಒಬ್ಬರೂ ನಂಬಲಿಲ್ಲ. ಗುಡುಗು ಸತ್ತಿದ್ದಾರೆ ಎಂದು ನೀವೇ ಬರೆದಿದ್ದಿರಲ್ಲ ಎಂದರು. ಮುದಿಯನಿಗೆ ಹೆಸರಿನ ಹುಚ್ಚು ಹತ್ತಿದೆ, ಬ್ಯಾಂಡು ಮುರಿದದ್ದೂ ತನ್ನಿಂದಲೇ ಅನ್ನುತ್ತಿದ್ದಾನೆ, ಚಿತ್ರ ಯಾರು ಬೇಕಾದರೂ ಹಾಕುತ್ತಾರೆ, ಎಲ್ಲಿ ಆ ಕೋಲು, ತೋರಿಸಲಿ ಎಂದು ಹಳೇ ಬೂಟು ಸವಾಲು ಹಾಕಿದ. ನಾನು ಹಲ್ಲು ಕಡಿಯುತ್ತ, ಏನು ಉತ್ತರ ಬರೆಯಲಿ ಎಂದು ಕೇಳಿದೆ. ಬೈದುಕೊಳ್ಳಲಿ ಬಿಡು ಎಂದ ಅಪ್ಪ. ಉತ್ತರ ಬರೆಸದೆ ಬಿಟ್ಟದ್ದು ಅದೇ ಮೊದಲು.

ಆ ವಾರ ಅಪ್ಪ ಕ್ಲಿನಿಕ್ಕಿಗೆ ಬಂದ, ನಾನು ಕರೆಯದೆಯೇ. ಸರದಿಯಲ್ಲಿ ಕೂತು, ಹೆಸರು ಕೂಗಿದಾಗ ಪಕ್ಕದವರು ಮುಟ್ಟಿ ಹೇಳಿದ ಮೇಲೆ ಎದ್ದು ಒಳಗೆ ಬಂದ. ನಾನು ಹೆಡ್‌ಫೋನ್ ಹಾಕಿ, ಗುಂಡಿ ಕೈಗೆ ಕೊಟ್ಟು, ಮತ್ತದೇ ನಾಟಕ ನೋಡಬೇಕಲ್ಲ ಎಂದು ಗೊಣಗುತ್ತ ಹೊರಗೆ ಬಂದು ಕೂತೆ. ಅಪ್ಪ ಗಾಜಿನಾಚೆಯಿಂದ ನನ್ನ ಕೈ ನೋಡಿದ. ಆಮೇಲೆ ಎದ್ದು, ಕುರ್ಚಿಯನ್ನು ತಾನೇ ತಿರುಗಿಸಿ, ನನಗೆ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂತ.

ನಾನು ಸದ್ದು ಬಿಟ್ಟೆ, ದೀಪ ಹತ್ತಲಿಲ್ಲ. ಏರಿಸಿದೆ, ಹತ್ತಲಿಲ್ಲ. ಇನ್ನೂ ಏರಿಸಿದೆ. ಕೇಳಿಸದ ಕಡೆ ಒಂದು ಸಲವೂ ಅವನು ಒತ್ತಲಿಲ್ಲ.