ತಂದೂರಿನ ಪಕ್ಕದಲ್ಲಿ ಗ್ಯಾಸ್ ಟ್ಯಾಂಕು

ಪಕ್ಕದ ಮನೆಯವನು ಕಾರಣವಿಲ್ಲದೆ ಸಿಹಿ ಮಾತಾಡಿದರೆ ನನಗೆ ಅನ್ನ ಸೇರುವುದಿಲ್ಲ. ಇದು ನನ್ನ ಹುಟ್ಟುಗುಣ. "ಬುರುಲ್ಚಾ, ನಿನಗೆ ಹಾಲು ಕೊಟ್ರೂ ತಳದಲ್ಲಿ ಏನಿದೆ ಅಂತ ಬೆರಳು ಹಾಕಿ ನೋಡ್ತೀಯ" ಎಂದು ನನ್ನ ಗಂಡ ಅಸಾನ್ ಆಡಿಕೊಳ್ಳುತ್ತಾನೆ. ಹೌದು, ನೋಡುತ್ತೇನೆ. ಅದರಲ್ಲಿ ತಪ್ಪೇನು?

ನಮ್ಮದು ಓಶ್ ನಗರದ ಹೊರಗಿನ ಕೆಂಗ್-ಬುಲಾಕ್ ಬಡಾವಣೆ, ಮೂರನೆಯ ಬೀದಿ. ಅಂಗಳದ ತಂದೂರಿನಲ್ಲಿ ನಾನು ದಿನಕ್ಕೆ ಎರಡು ಸಲ ರೊಟ್ಟಿ ಸುಡುತ್ತೇನೆ. ಅರ್ಧ ಬಜಾರಿಗೆ ಹೋಗುತ್ತದೆ, ಉಳಿದದ್ದು ಬೀದಿಯವರಿಗೆ. ತಂದೂರಿನ ಬೆನ್ನಿಗೆ ಒಂದು ಮಣ್ಣಿನ ಗೋಡೆ. ಗೋಡೆಯ ಆಚೆ ಎರ್ಮೆಕ್‌ನ ಖಾಲಿ ಜಾಗ. ಬೀದಿಯ ಕೊನೆಯಲ್ಲಿ ನೀಲಿ ಗೇಟಿನ ಶಿಶುವಿಹಾರ. ನನ್ನ ಮೊಮ್ಮಗಳು ಐದಾಯ್ ಅಲ್ಲಿಗೇ ಹೋಗುತ್ತಾಳೆ.

ವಸಂತ ಬಂದಾಗ ಎರ್ಮೆಕ್ ಒಂದು ಕುರಿ ಕಡಿದು ಬೀದಿಗೆಲ್ಲ ಊಟ ಹಾಕಿದ. "ಕಾರು ತೊಳೆಯೋ ಜಾಗ ಮಾಡ್ತಾ ಇದೀನಿ, ಎಲ್ರೂ ಹರಸಿ" ಎಂದ. ಊಟವಾದ ಮೇಲೆ ನಮ್ಮ ಮಾವನ ಕಡೆ ತಿರುಗಿ ಕೈಮುಗಿದ. ಮಾವನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವಂತಿಲ್ಲ, ನಮ್ಮಲ್ಲಿ ಸೊಸೆಯರು ಹೇಳುವುದಿಲ್ಲ. ಬೀದಿಯವರು ಅವರನ್ನು 'ಅತಾ' ಅನ್ನುತ್ತಾರೆ, ಹಿರಿಯರು ಅಂತ. ಎಂಬತ್ತೊಂದು ವರ್ಷ. ಅವರು ಎರಡೂ ಅಂಗೈ ತೆರೆದು, "ನಿನ್ನ ಕೆಲಸ ನೀರಿನ ಹಾಗೆ ಸರಾಗವಾಗಿ ಹರೀಲಿ" ಎಂದು ಹರಸಿ, ನಮ್ಮ ಪದ್ಧತಿಯಂತೆ ಮುಖ ಸವರಿಕೊಂಡರು. ಎಲ್ಲರೂ ಮುಖ ಸವರಿಕೊಂಡೆವು. ಅತಾ ಹರಸಿದರೆ ಆ ಕೆಲಸಕ್ಕೆ ಅಡ್ಡ ಹೇಳುವ ಗಂಡಸು ನಮ್ಮ ಬೀದಿಯಲ್ಲಿ ಹುಟ್ಟಿಲ್ಲ.

ನೆಲಕ್ಕೆ ಹಾಸಿದ್ದ ಊಟದ ಬಟ್ಟೆ ಎತ್ತುವ ಮೊದಲೇ ಒಂದು ಕಾಗದ ಕೈಯಿಂದ ಕೈಗೆ ಬಂತು. ಬೆರಳಿನ ಜಿಡ್ಡೂ ಒರೆಸದೆ ಗಂಡಸರು ಸಹಿ ಹಾಕಿದರು. ಯಾರೂ ಓದಲಿಲ್ಲ. ಉಣ್ಣಿಸಿದವನ ಎದುರಿಗೆ ಅವನ ಕಾಗದ ಓದುವುದು ಅವನ ಮುಖಕ್ಕೆ ಉಗಿದ ಹಾಗೆ ಎಂದು ನಮ್ಮವರ ಲೆಕ್ಕ.

"ಅದೇನು ಕಾಗದ?" ಎಂದು ಹೆಂಗಸರ ಸಾಲಿನಿಂದ ನಾನು ಕೇಳಿದೆ. ಅಸಾನ್ ನನ್ನನ್ನು ಕಣ್ಣಲ್ಲೇ ಸುಟ್ಟ.

ಎರ್ಮೆಕ್ ನಕ್ಕ. "ಅಕ್ಕಪಕ್ಕದವರ ಒಪ್ಪಿಗೆ ಅಷ್ಟೇ ಅಕ್ಕಾ. ನೀರಿನ ಕೆಲ್ಸಕ್ಕೆ ಇನ್ನೇನಿರುತ್ತೆ?"

ಅವನು ನಕ್ಕದ್ದೇ ನನಗೆ ಹಿಡಿಸಲಿಲ್ಲ.

ಆಮೇಲೆ ಗುಂಡಿ ತೋಡಿದರು. ಕಾರು ತೊಳೆಯಲು ಆಳೆತ್ತರದ ಗುಂಡಿ ಯಾಕೆ? ಮೇಲೆ ಟಾರ್ಪಾಲು ಮುಚ್ಚಿದರು. ಗುಂಡಿಗೆ ಟಾರ್ಪಾಲು ಯಾಕೆ? ಒಂದು ಬೆಳಿಗ್ಗೆ ಕ್ರೇನ್ ಬಂದು ಉದ್ದನೆಯ ಕಬ್ಬಿಣದ ಟ್ಯಾಂಕು ಇಳಿಸಿತು. ನಾನು ಹಿಟ್ಟಿನ ಡಬ್ಬ ಬೋರಲು ಹಾಕಿ ಹತ್ತಿ ಗೋಡೆಯ ಮೇಲಿನಿಂದ ನೋಡಿದೆ. ಟ್ಯಾಂಕಿನ ತಲೆಯ ಮೇಲೆ ಹಿತ್ತಾಳೆ ವಾಲ್ವುಗಳು, ಮುಳ್ಳಿನ ಮೀಟರು.

"ನೀರಿನ ಟ್ಯಾಂಕಿಗೆ ಮೀಟರ್ ಯಾಕಪ್ಪಾ?"

"ಈಗಿನ ಕಾಲದ ಟ್ಯಾಂಕು ಅಕ್ಕಾ. ನಿಮಗೆ ಗೊತ್ತಾಗಲ್ಲ ಬಿಡಿ" ಎಂದ.

ಗೊತ್ತಾಗಲ್ಲ ಎಂದವನು ಮೂರನೆಯ ದಿನ ಮಿಠಾಯಿ ಪೊಟ್ಟಣ ಹಿಡಿದು ನಮ್ಮ ಬಾಗಿಲಿಗೆ ಬಂದ. "ಅಕ್ಕಾ, ಒಂದೇ ಒಂದು ಉಪಕಾರ. ಬರೋ ಮಂಗಳವಾರ ಬೆಳಿಗ್ಗೆ ತಂದೂರು ಹಚ್ಚಬೇಡಿ. ಒಂದು ಗಾಡಿ ಬರುತ್ತೆ. ಡ್ರೈವರ್‌ಗೆ ಹೊಗೆ ಆಗಲ್ಲ."

ಹೊಗೆ ಆಗದ ಡ್ರೈವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಅವರ ಬಾಯಲ್ಲೇ ಸದಾ ಹೊಗೆ. ಮಿಠಾಯಿ ತೆಗೆದಿಟ್ಟೆ, ಮೊಮ್ಮಗಳಿಗೂ ಕೊಡಲಿಲ್ಲ. ನೇರ ಕುಂದುಜ್ ಮನೆಗೆ ಹೋದೆ.

ಕುಂದುಜ್ ನಮ್ಮಿಂದ ನಾಲ್ಕನೆಯ ಮನೆಯವಳು. ಇಪ್ಪತ್ತೆರಡು ವರ್ಷ ನಗರದ ನಕ್ಷೆ ಕಚೇರಿಯಲ್ಲಿ ಗೆರೆ ಎಳೆದು ನಿವೃತ್ತಳಾದವಳು. ನನ್ನ ಮಾತು ಕೇಳುತ್ತಿದ್ದಂತೆ ಚಹಾ ಬಟ್ಟಲು ಕೆಳಗಿಟ್ಟಳು.

"ಅದು ನೀರಲ್ಲ ಕಣೇ, ಗ್ಯಾಸು. ಕಾರಿಗೆ ತುಂಬಿಸೋ ಗ್ಯಾಸು. ನಿನ್ನ ಬೆಂಕಿಗೂ ಅದಕ್ಕೂ ನಡುವೆ ಒಂದು ಮಣ್ಣಿನ ಗೋಡೆ ಅಷ್ಟೇ."

"ಹಾಗೆ ಎಲ್ಲಿ ಬೇಕಾದ್ರೂ ಇಡಬಹುದಾ?"

"ನೀನು ಸೀಮೆಎಣ್ಣೆ ಡಬ್ಬ ಒಲೆ ಪಕ್ಕ ಇಡ್ತೀಯಾ? ತೊಟ್ಟಿಲ ಕೆಳಗೆ ಇಡ್ತೀಯಾ? ಯಾವ ಸಾಮಾನಿಗೆ ಯಾವ ಮೂಲೆ ಅಂತ ಮನೇಲಿ ನೀನು ಇಟ್ಕೊಂಡಿಲ್ವಾ? ಊರಿಗೂ ಹಾಗೇ ಇದೆ. ಮನೆಗಳಿಗೆ ಒಂದು ಜಾಗ, ಅಂಗಡಿಗೆ ಒಂದು, ಕಾರ್ಖಾನೆಗೆ ಒಂದು, ಬೆಂಕಿ-ಗ್ಯಾಸಿಗೆ ಎಲ್ಲಕ್ಕಿಂತ ದೂರ ಒಂದು. ಎಲ್ಲಾ ನಕ್ಷೆ ಮೇಲೆ ಬಣ್ಣ ಹಾಕಿ ಬರೆದಿದೆ. ಜಾಗದ ಹಕ್ಕುಪತ್ರದ ಕೆಂಪು ಪುಸ್ತಕ ತೆಗೆದು ನೋಡು, ಅದ್ರಲ್ಲೂ ಬರ್ದಿರುತ್ತೆ, ಇದು ವಾಸಕ್ಕೆ, ಇದು ವ್ಯಾಪಾರಕ್ಕೆ ಅಂತ."

"ನಾವು ಸಹಿ ಹಾಕಿಬಿಟ್ಟಿದೀವಲ್ಲ?"

"ಹಾಕಿದ್ರೇನು? ಇಡೀ ಬೀದಿ ಸಹಿ ಹಾಕಿದ್ರೂ ಟ್ಯಾಂಕಿಗೂ ಮನೆಗೂ ಇರೋ ದೂರ ಒಂದು ಗೇಣು ಹೆಚ್ಚಾಗಲ್ಲ. ದೂರ ಇರ್ಬೇಕು ಅಂದ್ರೆ ಇರ್ಬೇಕು. ಗ್ಯಾಸು ಸಹಿ ಓದಲ್ಲ."

ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದಕ್ಕೇ ನನಗೆ ಇನ್ನೊಂದು ಹುಳ ಹೊಕ್ಕಿತು. ಇವಳ ಚಿಕ್ಕಪ್ಪನ ಮಗನದು ಹೆದ್ದಾರಿಯಲ್ಲಿ ಗ್ಯಾಸ್ ಬಂಕ್ ಇದೆಯಲ್ಲ! ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಕೇಳಿಯೇಬಿಟ್ಟೆ. "ಎರ್ಮೆಕ್ ಬಾಗಿಲು ಮುಚ್ಚಿದ್ರೆ ನಿಮ್ಮವನಿಗೆ ಲಾಭ ಅಲ್ವಾ ಕುಂದುಜ್?"

ಅವಳ ಮುಖ ಕೆಂಪಾಯಿತು. ಬಾಗಿಲು ತೋರಿಸುತ್ತಾಳೆ ಅಂದುಕೊಂಡೆ. ತೋರಿಸಲಿಲ್ಲ.

"ಹೌದು, ಅವನ ಬಂಕ್ ಇದೆ. ಇಟ್ಟಿಗೆ ಭಟ್ಟಿ ದಾಟಿದ ಮೇಲೆ, ಸುತ್ತ ಒಂದು ಮನೆ ಇಲ್ದಿರೋ ಕಡೆ ಇದೆ. ಹೋಗಿ ನೋಡ್ಕೊಂಡು ಬಾ. ನನ್ನ ಮಾತು ನಂಬಬೇಡ ಕಣೇ, ಎರ್ಮೆಕ್ ಮಾತೂ ನಂಬಬೇಡ. ಕಚೇರಿಗೆ ಹೋಗಿ ನಕ್ಷೆ ಕೇಳು. ನಕ್ಷೆಗೆ ಯಾರೂ ಚಿಕ್ಕಪ್ಪನ ಮಗ ಅಲ್ಲ."

ಮರುದಿನ ಕಚೇರಿಗೆ ಹೋದೆ. ಕಿಟಕಿಯ ಹಿಂದಿನ ಹುಡುಗಿ ನಾಳೆ ಬನ್ನಿ ಎಂದಳು. ನಾಳೆ ಅನ್ನುವ ಮಾತನ್ನು ನಾನು ನಂಬುವವಳಲ್ಲ. ಅಲ್ಲೇ ನಿಂತು ಅರ್ಜಿ ಬರೆದು, ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿಸಿ, ನಂಬರು ಬರೆಸಿಕೊಂಡೆ. ನಂಬರು ಬಿದ್ದ ಮೇಲೆ ನಾಳೆ ಇವತ್ತೇ ಬಂತು. ಒಳಗೆ ಕರೆದು ಗೋಡೆಯ ನಕ್ಷೆ ತೋರಿಸಿದರು. ನಮ್ಮ ಬೀದಿಯೆಲ್ಲ ಹಳದಿ, ವಾಸದ ಮನೆಗಳಿಗೆ ಮಾತ್ರ. ಎರ್ಮೆಕ್‌ನ ಜಾಗವೂ ಹಳದಿ. ಅದನ್ನು ಬದಲಾಯಿಸಲು ಅವನು ಕೊಟ್ಟಿದ್ದ ಅರ್ಜಿ ಇನ್ನೂ ಫೈಲಿನಲ್ಲೇ ಇತ್ತು, ಯಾರೂ ಅನುಮತಿ ಕೊಟ್ಟಿರಲಿಲ್ಲ. ಅಗ್ನಿಶಾಮಕದವರ ಕಾಗದವಿಲ್ಲ, ಆರೋಗ್ಯದವರದೂ ಇಲ್ಲ. ಇದ್ದದ್ದು ನಮ್ಮ ಸಹಿಗಳ ಹಾಳೆ. ಅದರ ಮೇಲೆ ಇನ್ನೊಂದು ಹಾಳೆ ಪಿನ್ನು ಹೊಡೆದು, 'ಗ್ಯಾಸ್ ತುಂಬಿಸುವ ಕೇಂದ್ರಕ್ಕೆ ನಮ್ಮ ಒಪ್ಪಿಗೆ ಇದೆ' ಎಂದು ಟೈಪು ಮಾಡಿದ್ದರು. ಸಹಿಗಳಲ್ಲಿ ಮೊದಲ ಹೆಸರು ನಮ್ಮ ಮಾವನದು.

ಕುರಿ ಮಾಂಸ ಬಾಯಿಗೆ ಹಾಕಿ ನಮ್ಮ ಕೈಯಿಂದಲೇ ನಮ್ಮ ಮನೆಗೆ ಕೊಳ್ಳಿ ಇಡಿಸಿದ್ದ.

ಕುಂದುಜ್ ದೂರು ಬರೆದುಕೊಟ್ಟಳು. ಅಸಾನ್ ಎರಡು ಸಲ ಓದಿ, ತಲೆ ಕೆರೆದುಕೊಂಡು, "ಅಪ್ಪ ಸಹಿ ಹಾಕಿದ್ರೆ ಹಾಕ್ತೀನಿ" ಎಂದ. ಬೀದಿಯವರೂ ಅದನ್ನೇ ಹೇಳಿದರು. ಅತಾ ಮೊದಲು ಹಾಕಲಿ.

ಮಾವ ಕಾಗದವನ್ನು ಮುಟ್ಟಲೇ ಇಲ್ಲ.

"ಉಂಡ ಮನೆಗೆ ಎರಡು ಬಗೆಯೋದಾ? ಬಾಯಿ ತುಂಬಾ ಹರಸಿದೀನಿ. ಕೊಟ್ಟ ಆಶೀರ್ವಾದ ವಾಪಸ್ ತರೋಕೆ ಅದೇನು ಪಕ್ಕದ ಮನೆಗೆ ಕೊಟ್ಟ ಕೊಡಲೀನಾ?"

"ಅವನು ಸುಳ್ಳು ಹೇಳಿದಾನೆ ಮಾವಾ."

"ನಿನಗೆ ಎಲ್ರೂ ಸುಳ್ಳರೇ. ಹೋದ ವರ್ಷ ವೈದ್ಯರ ಮೇಲೆ ಅನುಮಾನ, ಅದಕ್ಕೂ ಮೊದಲು ನೀರಿನ ಬಿಲ್ಲಿನವನ ಮೇಲೆ. ಒಂದು ಸಲ ಆದ್ರೂ ನಿಜ ಆಯ್ತಾ?"

ಆಗಿರಲಿಲ್ಲ. ಕಾಗದ ಮಡಚಿ ಎತ್ತಿಟ್ಟೆ. ಅನುಮಾನದವಳ ಪಾಡು ಇದೇ. ಹುಲಿ ನಿಜವಾಗಿ ಬಂದ ದಿನ ಅವಳ ಮಾತಿಗೆ ಯಾರೂ ತಿರುಗಿ ನೋಡುವುದಿಲ್ಲ.

ಗಾಡಿ ಬರುವುದು ಮಂಗಳವಾರ ಎಂದಿದ್ದ. ಬಂದದ್ದು ಸೋಮವಾರ. ಹೇಳಲೂ ಇಲ್ಲ, ಕೇಳಲೂ ಇಲ್ಲ. ತಂದೂರು ಕೆಂಪಗೆ ಕಾದಿತ್ತು. ಒಳಗೋಡೆಯ ತುಂಬ ರೊಟ್ಟಿ ಬಡಿದಿದ್ದೆ. ಮಾವ ಬಿಸಿ ರೊಟ್ಟಿಗಾಗಿ ಪಕ್ಕದಲ್ಲೇ ಕೂತಿದ್ದರು. ಗೋಡೆಯಾಚೆ ದೊಡ್ಡ ಲಾರಿ ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಯಾರೋ ಕಿರುಚಿದರು.

"ಬೆಂಕಿ! ಯಾರ್ರೀ ಅದು ಬೆಂಕಿ ಹಚ್ಚಿರೋದು?"

ಗೊತ್ತಿಲ್ಲದ ಒಬ್ಬ ಗಂಡಸು ನಮ್ಮ ಗೋಡೆ ಹಾರಿ ಬಂದ. ಬಾವಿಕಟ್ಟೆಯ ಮೇಲಿದ್ದ ಎರಡು ಬಕೆಟ್ಟು ನೀರನ್ನೂ ಎತ್ತಿ ತಂದೂರಿಗೆ ಸುರಿದ. ಹಬೆ ಎದ್ದಿತು, ಒಲೆ ಪಟಾರನೆ ಸೀಳಿಹೋಯಿತು. ರೊಟ್ಟಿಗಳು ಬೂದಿ ನೀರಿನಲ್ಲಿ ಬಿದ್ದವು.

ಮಾವ ಕೋಲೂರಿ ಎದ್ದರು. ಅವರು ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. "ರೊಟ್ಟಿ ಮೇಲೆ ನೀರು ಹಾಕ್ತೀಯೇನೋ, ಪಾಪಿ!"

ಅವನು ಖಾಲಿ ಬಕೆಟ್ಟು ಕೆಳಗಿಟ್ಟ. "ಕ್ಷಮಿಸಿ ಅತಾ. ನಾನು ಗ್ಯಾಸ್ ಲಾರಿ ಡ್ರೈವರು. ಪೈಪ್ ಜೋಡಿಸ್ತಾ ಇದ್ದೆ, ವಾಲ್ವ್ ತಿರುಗಿಸ್ಬೇಕು ಅನ್ನೋಷ್ಟರಲ್ಲಿ ಹೊಗೆ ವಾಸನೆ ಬಂತು. ಗೋಡೆ ಹಿಂದೆ ಖಾಲಿ ಗೋದಾಮು ಅಂದಿದ್ರು. ಗೋಡೆಗೆ ಅಂಟಿಕೊಂಡೇ ಮನೆ, ಒಲೆ ಇದೆ ಅಂತ ಗೊತ್ತಿದ್ದಿದ್ರೆ ನಾನು ಈ ಬೀದಿಗೇ ಬರ್ತಿರ್ಲಿಲ್ಲ."

ಅಷ್ಟರಲ್ಲಿ ಎರ್ಮೆಕ್ ಓಡಿಬಂದ. "ಒಲೆ ಆರಿತಲ್ಲ, ಇನ್ನೇನು? ಬೇಗ ಗ್ಯಾಸ್ ಟ್ಯಾಂಕಿಗೆ ತುಂಬಿಸಿ ಹೋಗು."

"ನನಗೂ ಮಕ್ಕಳಿದಾರೆ ಸ್ವಾಮೀ. ಬೇರೆಯವ್ರನ್ನ ನೋಡ್ಕೊಳ್ಳಿ" ಎಂದ ಡ್ರೈವರು.

ಮಾವ ಅವನನ್ನು ತಡೆದು ಕೇಳಿದರು. "ಒಂದು ಮಾತು ಹೇಳಿ ಹೋಗು ಮಗಾ. ಗ್ಯಾಸು ಹೊತ್ತಿಕೊಂಡಿದ್ರೆ ಎಲ್ಲೀವರೆಗೆ ಸುಡ್ತಿತ್ತು?"

ಡ್ರೈವರು ಬೀದಿಯ ಉದ್ದಕ್ಕೂ ನೋಡಿದ. ಕೈ ಎತ್ತಿ ಕೊನೆಯ ನೀಲಿ ಗೇಟು ತೋರಿಸಿದ. ಗೇಟಿನೊಳಗೆ ಮಕ್ಕಳು ಆಡುವ ಸದ್ದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

ಮಾವ ಬಗ್ಗಿ ಬೂದಿಯಲ್ಲಿ ಬಿದ್ದಿದ್ದ ಒಂದು ರೊಟ್ಟಿ ಎತ್ತಿಕೊಂಡರು. ಅದನ್ನು ಒರೆಸಿ, ಹಣೆಗೊತ್ತಿ ಗೋಡೆಯ ಮೇಲಿಟ್ಟರು. ಆಮೇಲೆ ಎರ್ಮೆಕ್‌ನ ಕಡೆ ತಿರುಗಿದರು.

"ನಾನು ಹರಸಿದ್ದು ಕಾರು ತೊಳೆಯೋ ನೀರಿಗೆ. ಗ್ಯಾಸಿಗೆ ನನ್ನ ಬಾಯಿಂದ ಒಂದು ಅಕ್ಷರ ಬಂದಿಲ್ಲ. ಸುಳ್ಳು ಹೇಳಿ ಹರಸಿಸ್ಕೊಂಡ್ರೆ ಅದು ಆಶೀರ್ವಾದ ಅಲ್ಲ ಎರ್ಮೆಕ್, ಕದ್ದ ಮಾಲು. ನಿನ್ನ ಹತ್ರ ಇಟ್ಕೊಂಡ್ರೂ ನಿನಗೆ ದಕ್ಕಲ್ಲ."

ಎರ್ಮೆಕ್ ನೆಲ ನೋಡಿದ. "ಎಲ್ಲರ ಹೊಟ್ಟೆಪಾಡು ಅತಾ..." ಎಂದ. ಮಾವ ನನ್ನ ಕಡೆ ತಿರುಗಿದರು.

"ಸೊಸೇ, ಆ ಕಾಗದ ತಾ. ಕುಂದುಜ್‌ನ ಕರಿ. ಒಂದಕ್ಷರ ಬಿಡದೆ ಓದಲಿ. ಈ ಸಲ ಓದಿಸ್ಕೊಂಡೇ ಹಾಕೋದು."

ಕುಂದುಜ್ ಬಂದು ಜೋರಾಗಿ ಓದಿದಳು. ಮಾವ ಎರಡು ಕಡೆ ನಿಲ್ಲಿಸಿ ಅರ್ಥ ಕೇಳಿ ಸಹಿ ಹಾಕಿದರು. ಅಸಾನ್ ಹಾಕಿದ. ಸಂಜೆಯೊಳಗೆ ಬೀದಿಗೆ ಬೀದಿಯೇ ಹಾಕಿತು, ಪ್ರತಿಯೊಬ್ಬರೂ ಓದಿ.

ದೂರನ್ನು ನಕ್ಷೆ ಕಚೇರಿಗೂ ಅಗ್ನಿಶಾಮಕದವರಿಗೂ ಆರೋಗ್ಯದವರಿಗೂ ಕೊಟ್ಟೆವು. ಮೂರು ಕಡೆಯೂ ಮುದ್ರೆ, ನಂಬರು. ಮೊದಲು ಬಂದ ಅಧಿಕಾರಿ ಎರ್ಮೆಕ್‌ನ ಮನೆಯಲ್ಲಿ ಚಹಾ ಕುಡಿದು ಹೊರಟುಹೋದ. ಅವನು ಚಹಾ ಕುಡಿದ ಹೊತ್ತನ್ನೂ ಬರೆದು ನಾನು ಎರಡನೆಯ ದೂರು ಕೊಟ್ಟೆ. ಆಗ ಮೂವರು ಬಂದು ಟೇಪು ಹಿಡಿದು ಅಳೆದರು. ಇರಬೇಕಾದ ದೂರದ ಕಾಲು ಭಾಗವೂ ಇರಲಿಲ್ಲ. ಬೀಗಮುದ್ರೆ ಬಿತ್ತು. ಅದೇ ಕ್ರೇನ್ ಬಂದು ಟ್ಯಾಂಕು ಎತ್ತಿಕೊಂಡು ಹೋಯಿತು. ಎರ್ಮೆಕ್ ಈಗ ಇಟ್ಟಿಗೆ ಭಟ್ಟಿಯ ಆಚೆ, ನಕ್ಷೆ ಒಪ್ಪುವ ಕಡೆ ಜಾಗ ಕೇಳಿದ್ದಾನೆ. ಅಲ್ಲಿ ಧಾರಾಳವಾಗಿ ಮಾಡಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ.

ಒಂದು ಮಾತು ಮುಚ್ಚಿಡುವುದಿಲ್ಲ. ನಾನು ಹೊಸ ತಂದೂರು ಕಟ್ಟಲು ಹೊರಟಾಗ ಕುಂದುಜ್ ಬಂದು, "ಬಜಾರಿಗೆ ರೊಟ್ಟಿ ಸುಡ್ತೀಯಲ್ಲ, ಅದೂ ವ್ಯಾಪಾರವೇ. ನಿನ್ನ ಹೊಗೆ ಹಿಂದಿನ ಮನೆ ಕಿಟಕೀಗೆ ನುಗ್ಗುತ್ತೆ. ನಿಯಮ ನಿನಗೂ ಇದೆ" ಎಂದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ತಂದೂರನ್ನು ಅಂಗಳದ ನಡುವೆ ಕಟ್ಟಿ ಮೇಲೆ ಎತ್ತರದ ಹೊಗೆಕೊಳವೆ ಹಾಕಿಸಿದೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಬೀದಿಯಲ್ಲೂ ಯಾರಾದರೂ ಗುಂಡಿ ತೋಡುತ್ತಿರಬಹುದು. ಗ್ಯಾಸು, ಬಣ್ಣದ ಕೆಲಸ, ಮರದ ಮಿಲ್ಲು, ರಾತ್ರಿಯೆಲ್ಲ ಕಿರುಚುವ ಯಂತ್ರ, ಏನೇ ಇರಲಿ, ಅದಕ್ಕೊಂದು ಜಾಗವಿದೆ. ಆ ಜಾಗ ನಿಮ್ಮ ಗೋಡೆಯ ಪಕ್ಕದ್ದೋ ಅಲ್ಲವೋ ಎಂದು ಕೇಳುವುದು ನಿಮ್ಮ ಹಕ್ಕು. ಉಣ್ಣಿಸಿದವರ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣಿ, ಆದರೆ ಓದದೆ ಸಹಿ ಹಾಕಬೇಡಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವಿಲ್ಲ. ಅನುಮಾನ ಬಂದರೆ ಮನೆಯಲ್ಲಿ ಗೊಣಗುತ್ತ ಕೂರದೆ ಕಚೇರಿಗೆ ಹೋಗಿ. ನಕ್ಷೆ ತೋರಿಸಿ ಎನ್ನಿ. ತೋರಿಸುವವರೆಗೆ ಅಲ್ಲಿಂದ ಕದಲಬೇಡಿ.