ಏಸಿಗೆ ಅಂಗಿ ಹೊಲಿದ ದರ್ಜಿ

ಸಂಜೆಗೆ ಧೂಳುಗಾಳಿ ಬರುತ್ತದೆ ಎಂದು ಬೆಳಿಗ್ಗೆಯೇ ರೇಡಿಯೊದಲ್ಲಿ ಹೇಳಿದ್ದರು. ದರ್ಜಿ ಕೈಕಟ್ಟಿ ಕೂರುವ ಆಸಾಮಿಯಲ್ಲ. ಗೋಡೆಯ ಹೊರಗಿದ್ದ ಏಸಿಯ ದೊಡ್ಡ ಪೆಟ್ಟಿಗೆಗೆ ಟೇಪು ಹಿಡಿದು ಅಳತೆ ತೆಗೆದ, ದಪ್ಪ ಕ್ಯಾನ್ವಾಸು ಕತ್ತರಿಸಿದ. ಮಧ್ಯಾಹ್ನದ ಹೊತ್ತಿಗೆ ಜಿಪ್ಪು ಸಮೇತ ಅದಕ್ಕೊಂದು ಅಂಗಿಯನ್ನೇ ಹೊಲಿದು ತೊಡಿಸಿದ.

"ನೋಡೇ, ಎಲ್ಲಾದ್ರೂ ಒಂದು ಸುಕ್ಕು ಇದೆಯಾ?" ಎಂದು ಹೆಂಡತಿಯ ಮುಂದೆ ಬೀಗಿದ.

"ಅಂಗಿ ಚೆನ್ನಾಗಿದೆ ರೀ. ಆದ್ರೆ ನಿಮ್ಮ ತಂಗೀನ ಒಂದು ಮಾತು ಕೇಳ್ಬಾರ್ದಾ? ಏಸಿ ಮೆಕ್ಯಾನಿಕ್ ಅಲ್ವಾ ಅವಳು?"

"ನಾನು ಎತ್ತಿ ಆಡಿಸಿದ ಹುಡುಗಿ ಅದು. ಅವಳ ಹತ್ರ ನಾನು ಪಾಠ ಕಲೀಬೇಕಾ?"

ಸಂಜೆ ಆಕಾಶ ಕಂದು ಬಣ್ಣಕ್ಕೆ ತಿರುಗಿ ಗಾಳಿ ಎದ್ದಿತು. ಏಸಿ ಓಡುತ್ತಲೇ ಇತ್ತು. ಹೊರಗಿನ ಪೆಟ್ಟಿಗೆಯ ಕೆಲಸವೇ ಬಿಸಿಯನ್ನು ಆಚೆ ಹಾಕುವುದು. ಮೈತುಂಬ ಕ್ಯಾನ್ವಾಸು ಹೊದಿಸಿದರೆ ಪಾಪ, ಎಲ್ಲಿಗೆ ಹಾಕೀತು? ಸ್ವಲ್ಪ ಹೊತ್ತಿಗೇ ಕಾದು ನಿಂತುಹೋಯಿತು. ಸೆಖೆ ತಾಳಲಾರದೆ ದರ್ಜಿ ಕಿಟಕಿ ತೆರೆದ.

ಧೂಳು ದಡದಡನೆ ಒಳಗೆ ನುಗ್ಗಿತು. ಹೊಲಿದಿಟ್ಟ ಬಟ್ಟೆ ಹಾಳಾದದ್ದು ಹಾಗಿರಲಿ, ಏಳು ವರ್ಷದ ಮಗಳು ಗುಬ್ಬಿಗೆ ಮೊದಲೇ ಉಬ್ಬಸ. ಕೆಮ್ಮು ಶುರುವಾಯಿತು, ಎದೆ ಸುಯ್ ಎಂದಿತು, ಆಮೇಲೆ ಮಾತೇ ಹೊರಡದಾಯಿತು. ತಾಯಿ ಇನ್‌ಹೇಲರ್ ಕೊಟ್ಟರೂ ಸಾಲಲಿಲ್ಲ. ಎರಡು ದಿನ ಆಸ್ಪತ್ರೆ. ದರ್ಜಿ ಮಗಳ ಹಾಸಿಗೆಯ ಪಕ್ಕದಿಂದ ಕದಲಲಿಲ್ಲ.

ಗುಬ್ಬಿ ಮನೆಗೆ ಬಂದ ದಿನ ತಂಗಿ ಸಾಮಾನಿನ ಚೀಲ ಹೊತ್ತು ಬಂದಳು.

"ಅಣ್ಣಾ, ಓಡೋ ಏಸಿಗೆ ಕಂಬಳಿ ಹೊದಿಸಿದ ಮಹಾರಾಯ ನೀನೊಬ್ಬನೇ ಇರ್ಬೇಕು!"

"ಧೂಳು ಹೋಗದೆ ಇರ್ಲಿ ಅಂತ ಮಾಡಿದೆ ಕಣೇ. ತಪ್ಪಾ?"

"ಅಂಗಿ ತಪ್ಪಲ್ಲ, ತೊಡಿಸಿದ ಹೊತ್ತು ತಪ್ಪು. ಗಾಳಿ ಏಳೋಕೆ ಮುಂಚೆ ಏಸಿ ನಿಲ್ಸು, ಆಮೇಲೆ ತೊಡಿಸು. ಗಾಳಿ ಇಳಿದ್ಮೇಲೆ ಅಂಗಿ ಬಿಚ್ಚಿ, ಆಮೇಲೇ ಸ್ವಿಚ್ ಹಾಕು."

ಅವಳು ಕರೆಂಟ್ ಆಫ್ ಮಾಡಿ, ಹೊರಗಿನ ಪೆಟ್ಟಿಗೆ ಸುಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೋಣೆಯೊಳಗಿನ ಏಸಿಯ ಮುಚ್ಚಳ ಎತ್ತಿ, ಒಂದು ಜಾಲರಿ ಎಳೆದು ತೆಗೆದಳು. ಅದರ ಮೇಲೆ ನೂಲು, ಧೂಳು ಸೇರಿ ದಪ್ಪಗೆ ಹೆಪ್ಪುಗಟ್ಟಿತ್ತು.

"ಇದು ಫಿಲ್ಟರ್. ಎಷ್ಟು ವರ್ಷ ಆಯ್ತು ತೊಳೆದು?"

"ತೊಳೆಯೋದೂ ಉಂಟಾ? ಏಸಿ ಹೊರಗಿಂದ ಹೊಸ ಗಾಳಿ ತರುತ್ತಲ್ಲ?"

"ನಿಮ್ಮನೇದು ತರಲ್ಲ ಅಣ್ಣ. ಕೋಣೆ ಗಾಳೀನೇ ಸುತ್ತಿಸಿ ತಂಪು ಮಾಡುತ್ತೆ. ಒಳಗೆ ಧೂಳಿದ್ರೆ ಅದನ್ನೂ ಸುತ್ತಿಸುತ್ತೆ. ಗುಬ್ಬಿ ಉಸಿರಾಡೋದು ಅದನ್ನೇ."

ತಂಗಿಯೆಂದು ಅಸಡ್ಡೆ ಮಾಡಿದ್ದಕ್ಕೆ ದರ್ಜಿಗೆ ನಾಚಿಕೆಯಾಯಿತು. "ಹೇಳ್ಕೊಡೇ, ಇನ್ಮೇಲೆ ನಾನೇ ಮಾಡ್ತೀನಿ" ಎಂದ. ಆವತ್ತೇ ಫಿಲ್ಟರನ್ನು ಬರೀ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಿದ. ಬಾಗಿಲ ಸಂದಿಗೆಂದು ಚಿಂದಿ ತುಂಬಿದ ಉದ್ದನೆಯ ದಿಂಬುಗಳನ್ನೂ ಹೊಲಿದ.

ಹತ್ತು ದಿನಕ್ಕೆ ಗಾಳಿ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಈ ಸಲ ಏಸಿ ಮೊದಲೇ ನಿಂತಿತ್ತು, ಅಂಗಿ ಏರಿತ್ತು, ಕಿಟಕಿಗಳು ಭದ್ರವಾಗಿದ್ದವು. ಒಳಗೆ ಫ್ಯಾನ್ ಕೆಳಗೆ ಎಲ್ಲರೂ ಬೆವೆತರು. ಕಿಟಕಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಗಾಳಿ ಇಳಿದ ಮೇಲೆ ಹೆಂಡತಿ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲೇ ನೆಲ ಒರೆಸಿದಳು. ದರ್ಜಿ ಅಂಗಿ ಬಿಚ್ಚಿ, ಫಿಲ್ಟರ್ ನೋಡಿ, ಸ್ವಿಚ್ ಒತ್ತಿದ. ತಂಪು ಗಾಳಿ ಬೀಸಿತು.

ಗುಬ್ಬಿ ಒಂದು ಸಲವೂ ಕೆಮ್ಮಲಿಲ್ಲ! ಮನೆಯ ಸೂರು ಹಾರಿಹೋಗುವಂತೆ ಅವಳ ಹಾಡು ಬೇರೆ. ದರ್ಜಿ ಕಣ್ಣೊರೆಸಿಕೊಂಡು ತಂಗಿಗೆ ಫೋನ್ ಮಾಡಿದ.

"ಗೆದ್ವಿ ಕಣೇ!"

"ಗೊತ್ತಾಯ್ತು ಬಿಡಣ್ಣ, ಅವಳ ಗಂಟಲು ಫೋನ್ ಇಲ್ದೇನೂ ಕೇಳುತ್ತೆ!"

ಈಗ ಬೀದಿಯ ಏಸಿಗಳಿಗೆಲ್ಲ ಅಂಗಿ ಹೊಲಿಯುವವನು ಅವನೇ. "ಮೊದಲು ಸ್ವಿಚ್, ಆಮೇಲೆ ಜಿಪ್ಪು" ಎಂದು ಹೇಳಿಸಿಕೊಳ್ಳದೆ ಯಾರೂ ಅಂಗಿ ಒಯ್ಯುವಂತಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ನಿಮ್ಮ ಏಸಿಯ ಫಿಲ್ಟರ್ ನೋಡಿ. ಧೂಳಿನ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಉಬ್ಬಸದವರ ಔಷಧಿ ಕೈಗೆ ಸಿಗುವಲ್ಲಿರಲಿ; ಅದಕ್ಕೂ ಉಬ್ಬಸ ಬಗ್ಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಬೀದಿಯಲ್ಲಿ ಗಾಳಿ ತನ್ನಿಷ್ಟದಂತೆ ಕುಣಿಯಲಿ, ಮನೆಯೊಳಗೆ ನಿಮ್ಮ ಮಕ್ಕಳು ನಿರಾಳವಾಗಿ ಉಸಿರಾಡಲಿ.